ಅತ್ತೆಗೊಂದು ಟಿಕೆಟ್ಟು

ಸೆಪ್ಟೆಂಬರ್ 4, ಬುಧವಾರ

ಈ ನೋಟ್‌ಬುಕ್ಕನ್ನು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡೆ. ಅತ್ತೆಯವರಿಗೆ ಓದಲು ಬಾರದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಈ ಊರಿನಲ್ಲಿ ಸದ್ಯಕ್ಕೆ ನನ್ನ ಮಾತು ತಿಳಿಯುವ ಜೀವವೆಂದರೆ ಅವರೊಬ್ಬರೇ. ಅವರಿಗೆ ಹೇಳಲಾಗದ್ದನ್ನು ಎಲ್ಲಾದರೂ ಇಳಿಸದಿದ್ದರೆ ಹೊಟ್ಟೆ ಉಬ್ಬಿ ಸಾಯುತ್ತೇನೆ.

ನಾದಿನಿಗೆ ಕರುಳು ತೂತಾಗಿ ಆಪರೇಷನ್ ಆಗಿ ಇಂದಿಗೆ ಐದು ದಿನ. ಅವಳು ಮೇಲ್ವಿಚಾರಕಿಯಾಗಿರುವ ಹೊಲಿಗೆ ಕಾರ್ಖಾನೆ ಇರುವುದು ಈ ದೇಶದ ಇನ್ನೊಂದು ತುದಿಯಲ್ಲಿ. ಅಲ್ಲಿಗೆ ವಿಮಾನವಿಲ್ಲ. ಸೇತುವೆಯೊಂದು ಕುಸಿದು ಬಸ್ಸೂ ನಿಂತಿದೆ. ದಿನಕ್ಕೊಂದೇ ರೈಲು, ಬೆಳಿಗ್ಗೆ ಏಳು ಹತ್ತಕ್ಕೆ ಹೊರಟರೆ ಮರುದಿನ ಒಂಬತ್ತಕ್ಕೆ ಮುಟ್ಟುತ್ತದೆ. ನಮ್ಮ ಮನೆಯವರಿಗೆ ಬೆನ್ನು ಹಿಡಿದುಕೊಂಡು ಹಾಸಿಗೆ ಬಿಟ್ಟು ಏಳುವಂತಿಲ್ಲ. “ಅಮ್ಮನ್ನ ನೀನೇ ಕರ್ಕೊಂಡು ಹೋಗು, ನಿನಗೆ ಫಾರಂ ತುಂಬೋದೆಲ್ಲ ಗೊತ್ತಲ್ಲ,” ಅಂದರು. ಗೊತ್ತು. ಇಪ್ಪತ್ತು ವರ್ಷದಿಂದ ಕೋರ್ಟಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಊರವರ ಫಾರಂ ತುಂಬಿದವಳು ನಾನು. ಅತ್ತೆಯವರು ಅದಕ್ಕೇ ನನ್ನನ್ನು ‘ಜೆರಾಕ್ಸ್’ ಎನ್ನುತ್ತಾರೆ. ಸ್ವಂತದ್ದೇನೂ ಇಲ್ಲ, ಇಟ್ಟಿದ್ದನ್ನೇ ತೆಗೆದುಕೊಡುತ್ತಾಳೆ ಎಂದು ನೆಂಟರಿಗೆ ಬಿಡಿಸಿ ಹೇಳುವುದೂ ಉಂಟು.

ಸ್ಟೇಷನ್ನಿನ ಎದುರಿನ ಲಾಡ್ಜಿನಲ್ಲಿ ಇಳಿದಿದ್ದೇವೆ. ಮೂರನೇ ಮಹಡಿ. ಎರಡು ಮಂಚ, ಒಂದು ಕುರ್ಚಿ, ಒಂದು ಕಿಟಕಿ. ಅತ್ತೆಯವರಿಗೆ ಲಿಫ್ಟ್ ಎಂದರೆ ಪ್ರಾಣ ಹೋಗುತ್ತದೆ, ಮೆಟ್ಟಿಲು ಹತ್ತಿ ಪಾದ ಊದಿಕೊಂಡಿತು. ಬಿಸಿನೀರಲ್ಲಿ ಇಡಿಸಿ ಒತ್ತಿದೆ. “ಹಿಂಡಬೇಡ್ವೇ, ಒತ್ತು. ಇಷ್ಟು ವರ್ಷ ಆದ್ರೂ ಒತ್ತೋದು ಕಲೀಲಿಲ್ಲ,” ಅಂದರು. ಪಾಪ, ಮಗಳ ಚಿಂತೆ.

ಫೋನಿನಲ್ಲಿ ಟಿಕೆಟ್ ಮಾಡಲು ನೋಡಿದೆ. ಎಲ್ಲ ತುಂಬಿಸಿದ ಮೇಲೆ ಈ ದೇಶದ ಫೋನ್ ನಂಬರ್ ಕೇಳಿತು. ನಾಳೆ ಕೌಂಟರಿಗೆ ಹೋಗಬೇಕು.

ಸೆಪ್ಟೆಂಬರ್ 5, ಗುರುವಾರ

ಟಿಕೆಟ್ ಸಿಕ್ಕಿತು!

ಸ್ಟೇಷನ್ನಿನಲ್ಲಿ ಹದಿನಾರು ಕೌಂಟರ್. ಹೊರದೇಶದವರಿಗೆ ಒಂಬತ್ತನೆಯದು ಮಾತ್ರ. ಅದು ತಿಳಿಯುವುದಕ್ಕೇ ನಾಲ್ಕನೆಯದರಲ್ಲಿ ಅರ್ಧ ತಾಸು, ಹನ್ನೊಂದನೆಯದರಲ್ಲಿ ಮುಕ್ಕಾಲು ತಾಸು ನಿಂತೆ. ಗಾಜಿನ ಹಿಂದೆ ಕೂತವಳು ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದಾಳೆ. ಅವಳಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತದೆ.

ಫಾರಂನಲ್ಲಿ ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ. ಅತ್ತೆಯವರ ಪಾಸ್‌ಪೋರ್ಟಿನಲ್ಲಿ ಊರು, ಅಪ್ಪ, ಗಂಡ ಎಲ್ಲ ಸೇರಿ ಮೂವತ್ತೊಂದು ಅಕ್ಷರ. ಚೌಕಗಳಿದ್ದದ್ದು ಇಪ್ಪತ್ತು. ಹಿಡಿಸಿದಷ್ಟು ಬರೆದೆ. ಅವರ ಸ್ವಂತ ಹೆಸರು ಕೊನೆಗೆ ಬರುವುದರಿಂದ ಅದೊಂದೇ ಹೊರಗುಳಿಯಿತು. ಕನ್ನಡಕದವಳು ನೋಡಿದಳು, ಏನೂ ಅನ್ನಲಿಲ್ಲ. ಶನಿವಾರಕ್ಕೆ ಮಲಗುವ ಸೀಟು ಎರಡು, ಎದುರುಬದುರು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದು ತೋರಿಸಿದೆ.

“ಶನಿವಾರಾನಾ? ನಾಳೆ ಕೊಡಲಿಲ್ವಾ?” ಅಂದರು ಅತ್ತೆಯವರು.

ಸೆಪ್ಟೆಂಬರ್ 7, ಶನಿವಾರ

ರೈಲು ನಮ್ಮೆದುರೇ ಹೊರಟುಹೋಯಿತು.

ಗೇಟಿನವನು ಟಿಕೆಟನ್ನೂ ಪಾಸ್‌ಪೋರ್ಟನ್ನೂ ಪಕ್ಕಪಕ್ಕ ಹಿಡಿದು ಬೆರಳಿಟ್ಟು ಅಕ್ಷರ ಓದಿದ. ತಲೆಯಾಡಿಸಿದ. ಅತ್ತೆಯವರ ಮುಖ ನೋಡಿದ, ಮತ್ತೆ ತಲೆಯಾಡಿಸಿದ. ನಾನು ಕೈಮುಗಿದೆ, ಊರಿನಿಂದ ತಂದ ಕಾಗದಪತ್ರಗಳನ್ನೆಲ್ಲ ತೆಗೆದೆ, ನಾದಿನಿಯ ಆಸ್ಪತ್ರೆಯ ಚೀಟಿ ತೋರಿಸಿದೆ. ಅವನು ನನ್ನ ಟಿಕೆಟ್ ಸರಿಯಿದೆ ಎಂದು ನನ್ನನ್ನು ಮಾತ್ರ ಒಳಗೆ ಕರೆದ. ಅತ್ತೆಯವರನ್ನು ಬಿಟ್ಟು ಹೇಗೆ ಹೋಗಲಿ?

ರೈಲು ಹೋದ ಮೇಲೆ ಅತ್ತೆಯವರು ಪ್ಲಾಟ್‌ಫಾರಂ ಬಾಗಿಲಲ್ಲೇ ಸೂಟ್‌ಕೇಸಿನ ಮೇಲೆ ಕೂತು ಶುರುಮಾಡಿದರು. “ಊರವರ ಫಾರಂ ಎಲ್ಲ ತುಂಬ್ತಾಳಂತೆ! ಮನೆ ಹಿರೀಳ ಹೆಸರು ಬರೆಯೋಕೆ ಕೈ ಬರಲಿಲ್ಲ. ನನ್ನ ಮಗಳು ಅಲ್ಲಿ ಹೊಟ್ಟೆ ಕುಯ್ಸಿಕೊಂಡು ಬಿದ್ದಿದ್ದಾಳೆ, ಇವಳಿಲ್ಲಿ ಚೌಕ ಎಣಿಸ್ತಾ ಕೂತ್ಲು! ನಿಮ್ಮ ಕಡೆಯೋರೇ ಹಿಂಗೆ. ಅರ್ಧಂಬರ್ಧ ಮಾಡಿ ಕೈ ತೊಳ್ಕೊಳ್ಳೋ ಪೈಕಿ.” ಜನ ನಿಂತು ನೋಡಿದರು. ಮಾತು ತಿಳಿಯದಿದ್ದರೂ ಬೈಗುಳ ಬೈಗುಳವೆಂದು ಯಾರಿಗೂ ತಿಳಿಯುತ್ತದೆ.

ತಪ್ಪು ನನ್ನದೇ. ಬೆಳಿಗ್ಗೆಯಿಂದ ತುತ್ತು ಇಳಿದಿಲ್ಲ. ನಾದಿನಿಯ ಮುಖ ಕಣ್ಣೆದುರಿಗೆ ಬರುತ್ತದೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಲ್ಲಿ ನಿಂತು ಅಳುವಾಗ, ಅವಳು ಏನೂ ಕೇಳದೆ ಬಂದು ನಲ್ಲಿಯನ್ನು ಜೋರಾಗಿ ತಿರುಗಿಸಿ ಸದ್ದು ಮರೆಸುತ್ತಿದ್ದಳು. ಅವಳಿಗೇ ಹೀಗೆ ಮಾಡಿಬಿಟ್ಟೆನಲ್ಲ.

ಸೆಪ್ಟೆಂಬರ್ 9, ಸೋಮವಾರ

ನಿನ್ನೆ ಭಾನುವಾರ, ಒಂಬತ್ತನೇ ಕೌಂಟರಿಗೆ ರಜೆ. ಇವತ್ತು ಹೋದರೆ ಇಪ್ಪತ್ತೊಂದನೇ ತಾರೀಖಿನವರೆಗೆ ಒಂದು ಸೀಟೂ ಇಲ್ಲ. ರಜೆ ಮುಗಿಸಿದ ವಿದ್ಯಾರ್ಥಿಗಳೆಲ್ಲ ಒಟ್ಟಿಗೆ ಮರಳುವ ಕಾಲವಂತೆ. ಕಣ್ಣಲ್ಲಿ ನೀರು ಬಂತು. ಕನ್ನಡಕದವಳು ಅತ್ತಿತ್ತ ನೋಡಿ ಚೀಟಿಯಲ್ಲಿ ದೊಡ್ಡದಾಗಿ ‘2’ ಎಂದು ಬರೆದು ತೋರಿಸಿದಳು. ಯಾರಾದರೂ ಹಿಂದಿರುಗಿಸಿದ ಟಿಕೆಟ್ಟುಗಳನ್ನು ದಿನಾ ಮಧ್ಯಾಹ್ನ ಎರಡಕ್ಕೆ ಮಾರುತ್ತಾರೆ, ಮರುದಿನದ ಬೆಳಗಿನ ರೈಲಿಗೆ. ಮೊದಲು ನಿಂತವರಿಗೆ ಮೊದಲು. ಹೆಸರನ್ನು ಎರಡು ಸಾಲಿಗೆ ಮುರಿದು ಪೂರ್ತಿ ಬರೆಯುವುದನ್ನೂ ತೋರಿಸಿಕೊಟ್ಟಳು. ಇವತ್ತಿನ ಎರಡು ಗಂಟೆಗೆ ನನ್ನ ಮುಂದೆ ಹದಿನೇಳು ಜನ. ಸಿಗಲಿಲ್ಲ. ನಾಳೆಯಿಂದ ಹನ್ನೊಂದಕ್ಕೇ ಹೋಗಿ ನಿಲ್ಲಬೇಕು.

ಸಂಜೆ ನಾದಿನಿಯೇ ಫೋನ್ ಮಾಡಿದಳು. ಧ್ವನಿ ಸಣ್ಣಗಾಗಿದೆ. ಜ್ವರ ಬಿಟ್ಟಿಲ್ಲ, ಹೊಲಿಗೆಯ ಹತ್ತಿರ ಕೀವು. “ಅತ್ತಿಗೆ, ಮಲಗೋ ಸೀಟಿಗೆ ಕಾಯ್ಬೇಡಿ. ಕೂರೋ ಸೀಟಾದ್ರೂ ಪರವಾಗಿಲ್ಲ, ಬಂದ್ಬಿಡಿ. ನಾನು ಮೊದಲ ಸಲ ಬಂದಾಗ ಕೂತೇ ಬಂದಿದ್ದು. ಅಮ್ಮಂಗೆ ಸ್ವಲ್ಪ ಸೊಂಟ ನೋವಾಗತ್ತೆ, ಅಷ್ಟೆ,” ಅಂದಳು. ಅತ್ತೆಯವರು ಫೋನ್ ಕಸಿದುಕೊಂಡು, “ನಿನ್ನ ಅತ್ತಿಗೆ ಕೈಲಿ ಸಿಕ್ಕಿದೀನಿ ಮಗಾ, ಏನ್ ಮಾಡ್ಲಿ?” ಎಂದು ಅತ್ತರು.

ಆಮೇಲೆ ಸ್ನಾನದ ಮನೆಯಿಂದ ಕರೆದರು. ಇಲ್ಲಿನ ನಲ್ಲಿ ಅವರಿಗೆ ತಿರುಗಿಸಲು ಬರುವುದಿಲ್ಲ, ಬಿಸಿ ಬೇಕೆಂದರೆ ತಣ್ಣೀರು ಸುರಿಯುತ್ತದೆ. ಮೂರು ಸಲ ಕರೆದ ಮೇಲೆ ಹೋದೆ. ಮೊದಲೆರಡು ಸಲ ಕೇಳಿಸಲಿಲ್ಲ ಎಂದುಕೊಂಡೆ.

ಸೆಪ್ಟೆಂಬರ್ 10, ಮಂಗಳವಾರ

ಬೆಳಿಗ್ಗೆ ಕೆಳಗೆ ಲಾಡ್ಜಿನ ಒಡತಿಯ ಟೇಬಲ್ಲಿನ ಬಳಿ ಚಹಾ ಕುಡಿಯುತ್ತಿದ್ದೆವು. ನೀವಿನ್ನೂ ಹೊರಡಲಿಲ್ಲವೇ ಎಂದು ಒಡತಿ ಕೈಸನ್ನೆಯಲ್ಲಿ ಕೇಳಿದಳು. ಅತ್ತೆ ನನ್ನತ್ತ ಬೆರಳು ತೋರಿಸಿದರು. ನನ್ನ ಹಣೆಗೆ ಎರಡು ಸಲ ಕುಟ್ಟಿದರು. ಆಮೇಲೆ ಮರದ ಟೇಬಲ್ಲಿಗೆ ಎರಡು ಸಲ ಕುಟ್ಟಿ, ಕಿವಿಗೊಟ್ಟು ಆಲಿಸುವವರಂತೆ ಬಾಗಿ, ಎರಡೂ ಕೈ ಬಿಚ್ಚಿ ‘ಖಾಲಿ’ ಎಂಬಂತೆ ತೋರಿಸಿದರು. ಒಡತಿ ನಕ್ಕಳು. ಪಕ್ಕದ ಟೇಬಲ್ಲಿನ ಗಂಡ ಹೆಂಡಿರೂ ನಕ್ಕರು. ಇಪ್ಪತ್ತು ವರ್ಷ ಕನ್ನಡದಲ್ಲಿ ಅಂದಿದ್ದನ್ನೆಲ್ಲ ಅತ್ತೆ ಒಂದೇ ನಿಮಿಷದಲ್ಲಿ ಜಗತ್ತಿಗೇ ಅರ್ಥವಾಗುವ ಭಾಷೆಗೆ ಇಳಿಸಿಬಿಟ್ಟರು. ನಾನೂ ನಕ್ಕೆ. ಇನ್ನೇನು ಮಾಡಲಿ?

ಹನ್ನೊಂದಕ್ಕೇ ಹೋಗಿ ನಿಂತೆ. ನನ್ನ ಮುಂದೆ ಇಬ್ಬರೇ. ಎರಡು ಹೊಡೆಯಿತು, ಅವರಿಬ್ಬರದಾಯಿತು, ನನ್ನ ಸರದಿ.

“ಎರಡು ಸೀಟು ಇದೆ,” ಅಂದಳು ಕನ್ನಡಕದವಳು, ಎರಡು ಬೆರಳು ಎತ್ತಿ, ಗೆದ್ದವಳ ಹಾಗೆ. “ನಾಳೆಗೆ. ಕೂರುವುದು. ಬೇರೆ ಬೇರೆ ಬೋಗಿ.”

“ಮಲಗುವುದು?”

“ಇಲ್ಲ.”

ಪಾಸ್‌ಪೋರ್ಟುಗಳು ನನ್ನ ಕೈಯಲ್ಲೇ ಇದ್ದವು. ಹೆಸರನ್ನು ಎರಡು ಸಾಲಿಗೆ ಮುರಿದು ಬರೆದ ಫಾರಂ ಕೂಡ. ಗಾಜಿನ ಕೆಳಗಿನ ಕಿಂಡಿಗೆ ತುರುಕಿದರೆ ಆಯಿತು. ಅವಳ ಬೆರಳು ಕಂಪ್ಯೂಟರಿನ ಕೀಲಿಯ ಮೇಲಿತ್ತು.

“ಬೇಡ,” ಅಂದೆ.

ಅವಳು ಕನ್ನಡಕ ಏರಿಸಿ ನನ್ನನ್ನು ನೋಡಿದಳು. “ಬೇಡವೇ?”

“ಬೇಡ. ಮಲಗುವುದು ಬೇಕು.”

ನನ್ನ ಹಿಂದೆ ಕೋಲೂರಿ ನಿಂತಿದ್ದ ಮುದುಕ ಎರಡನ್ನೂ ಕೊಂಡ. ಹೆಂಡತಿಯ ಭುಜ ಹಿಡಿದು ಕುಲುಕಿದ.

ಎಪ್ಪತ್ತೊಂದು ವರ್ಷದವರನ್ನು ಇಪ್ಪತ್ತಾರು ಗಂಟೆ ಕೂರಿಸಿಕೊಂಡು ಹೋಗುವುದು ಸರಿಯಲ್ಲ. ಅದೂ ಬೇರೆ ಬೋಗಿಯಲ್ಲಿ. ದಾರಿಯಲ್ಲಿ ಏನಾದರೂ ಆದರೆ ನಮ್ಮ ಮನೆಯವರಿಗೆ ಯಾರು ಉತ್ತರ ಹೇಳುವುದು? ಅದು ಒಂದು. ಇನ್ನೊಂದು, ಆ ಟೇಬಲ್ಲಿನ ಸದ್ದು. ಸಾಲಿನಲ್ಲಿ ನಿಂತ ಮೂರು ತಾಸೂ ಕಿವಿಯಲ್ಲಿ ಟಕ್ ಟಕ್ ಎನ್ನುತ್ತಲೇ ಇತ್ತು. ಒಂದೇ ಒಂದು ದಿನ. ಕಾಯುವುದೆಂದರೆ ಏನೆಂದು ಒಂದು ದಿನ ಅವರಿಗೂ ತಿಳಿಯಲಿ. ನಾಳೆ ಹೇಗೂ ಮಲಗುವ ಸೀಟೇ ಸಿಗಬಹುದು.

ರೂಮಿಗೆ ಬಂದಾಗ ಅತ್ತೆ ಶೂ ಹಾಕಿಕೊಂಡು, ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು. ರೈಲಿರುವುದು ನಾಳೆ ಎಂದು ಸಾವಿರ ಸಲ ಹೇಳಿದ್ದೇನೆ.

“ಸಿಕ್ತಾ?”

“ಇಲ್ಲ.”

“ಒಂದೂ?”

“ಒಂದೂ ಇಲ್ಲ.”

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಬಗ್ಗಿ ಶೂವಿನ ದಾರ ಬಿಚ್ಚಲು ಹೋದರು, ಕೈ ಎಟುಕಲಿಲ್ಲ. ಸ್ವಲ್ಪ ಹೊತ್ತು ನೋಡಿ ಆಮೇಲೆ ನಾನೇ ಬಿಚ್ಚಿದೆ. ಬಹಳ ದಿನದ ಮೇಲೆ ಇವತ್ತು ಅನ್ನ ರುಚಿಯಾಯಿತು.

ಸೆಪ್ಟೆಂಬರ್ 11, ಬುಧವಾರ

ಇವತ್ತು ನಿಜವಾಗಿಯೂ ಇರಲಿಲ್ಲ.

ಬೆಳಿಗ್ಗೆ ಅತ್ತೆ ಕಿಟಕಿಯಲ್ಲಿ ನಿಂತು ಏಳು ಹತ್ತರ ರೈಲು ಹೋಗುವುದನ್ನು ನೋಡಿದರು. ಯಾವ ಪ್ಲಾಟ್‌ಫಾರಂ, ಎಷ್ಟು ಬೋಗಿ, ಎಲ್ಲ ತಿಳಿದುಕೊಂಡುಬಿಟ್ಟಿದ್ದಾರೆ. “ಇವತ್ತು ಎಷ್ಟು ಜನ ಪುಣ್ಯವಂತರು ಹೋಗ್ತಿದ್ದಾರೋ,” ಅಂದರು.

ಹೊರಡುವಾಗ ರೂಮಿಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಸುಮ್ಮನೆ ಮೆಟ್ಟಿಲಿಳಿದು ಎಲ್ಲಾದರೂ ತಪ್ಪಿಸಿಕೊಂಡರೆ? ಅವರ ಒಳ್ಳೆಯದಕ್ಕೇ.

ಸೆಪ್ಟೆಂಬರ್ 12, ಗುರುವಾರ

ಒಂದು ಸೀಟು ಬಂತು, ನನ್ನ ಮುಂದಿನವನಿಗೆ ಹೋಯಿತು.

ಕ್ಯೂನಲ್ಲಿ ನಿಂತಾಗ ಒಂದು ಹಳೆಯ ಸಂಗತಿ ನೆನಪಾಯಿತು. ನನ್ನ ಅಪ್ಪನಿಗೆ ಎದೆನೋವೆಂದು ಫೋನ್ ಬಂದಾಗ ಅತ್ತೆ, “ಸುಣ್ಣ ಹೊಡೆಯೋರು ಬಂದಿದ್ದಾರೆ, ಅದೊಂದು ಮುಗಿಸ್ಕೊಂಡು ಹೋಗು,” ಅಂದಿದ್ದರು. ಎರಡು ದಿನ ತಡವಾಯಿತು. ಅಪ್ಪ ಸಾಯಲಿಲ್ಲ, ಆಮೇಲೆ ಆರು ವರ್ಷ ಗಟ್ಟಿಯಾಗಿಯೇ ಇದ್ದ. ಆದರೆ ಸಾಯಬಹುದಿತ್ತಲ್ಲ! ಇಷ್ಟು ದೊಡ್ಡ ಮಾತನ್ನು ನಾನು ಹೇಗೆ ಮರೆತಿದ್ದೆನೋ. ಮಂಗಳವಾರವೇ ನೆನಪಾಗಿದ್ದರೆ ಮನಸ್ಸಿಗೆ ಅಷ್ಟು ಕಸಿವಿಸಿಯಾಗುತ್ತಿರಲಿಲ್ಲ.

ಮಧ್ಯಾಹ್ನ ನಾದಿನಿಯ ಹೆಸರಿನಲ್ಲಿ ಫೋನ್ ಎರಡು ಸಲ ಬಂತು. ಸಾಲಿನಲ್ಲಿದ್ದೆ, ಎತ್ತಲಿಲ್ಲ. ರೂಮಿಗೆ ಬಂದ ಮೇಲೆ ಅತ್ತೆ ಕೇಳಿದಳು, “ಮಗಳ ಹತ್ರ ಒಂದ್ಸಲ ಮಾತಾಡ್ಸೇ.” ಚಾರ್ಜ್ ಇಲ್ಲ ಅಂದೆ. ಚಾರ್ಜ್ ಇತ್ತು. ದಿನವಿಡೀ ನಿಂತು ಕಾಲು ಬಿದ್ದುಹೋಗಿರುವಾಗ ಇವರ ಅಳು ಬೇರೆ ಕೇಳುವ ಶಕ್ತಿ ನನಗಿರಲಿಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ನಾದಿನಿಯ ರೂಮಿನಲ್ಲೇ ಇರುವ ಗೆಳತಿ ಫೋನ್ ಮಾಡಿದಳು. ನಮ್ಮ ಕಡೆಯವಳೇ, ಅದೇ ಕಾರ್ಖಾನೆಯಲ್ಲಿ ಕತ್ತರಿ ಕೆಲಸ. “ಅಕ್ಕ, ನಿನ್ನೆ ಸಂಜೆಯಿಂದ ನಂಜು ಮೈಯೆಲ್ಲ ಏರಿದೆ ಅಂತಾರೆ. ಐಸಿಯುಗೆ ಹಾಕಿದ್ದಾರೆ. ಮಾತಿಲ್ಲ.”

ಟಿಕೆಟ್ ಇಲ್ಲ. ಕನ್ನಡಕದವಳ ಮುಂದೆ ಅತ್ತೆ ಹೇಳಬಹುದಾದ್ದನ್ನೆಲ್ಲ ನಾನೇ ಹೇಳಿದೆ. ಅವಳು ಕೀಲಿ ಒತ್ತಿ ಒತ್ತಿ ನೋಡಿ, ಗಾಜಿನ ಆ ಕಡೆಯಿಂದ ತನ್ನ ಖಾಲಿ ಅಂಗೈ ತೋರಿಸಿದಳು. ಕೆಲಸಕ್ಕೆ ಬಾರದವಳು.

ಮುದುಕಿಗೆ ಏನೂ ಹೇಳಲಿಲ್ಲ. ಕಿಟಕಿಯಲ್ಲಿ ನಿಂತೇ ಇದ್ದಳು. “ಅಲ್ಲಿ ನಿಂತ್ರೆ ರೈಲು ಇಲ್ಲಿಗೆ ಬರತ್ತಾ? ಬಂದು ಮಲಕ್ಕೊ,” ಅಂದೆ. ಬಂದು ಮಲಗಿದಳು.

ಸೆಪ್ಟೆಂಬರ್ 14, ಶನಿವಾರ

ಎರಡು ಸೀಟು ಸಿಕ್ಕಿತು. ನಾಳೆಗೆ. ಕೂರುವುದು, ಬೇರೆ ಬೇರೆ ಬೋಗಿ. ಟಿಕೆಟ್ಟುಗಳನ್ನು ಪಾಸ್‌ಪೋರ್ಟಿನ ನಡುವೆ ಇಡುತ್ತಿದ್ದಾಗ ಗೆಳತಿಯ ಫೋನ್ ಬಂತು.

“ಹೋಗ್ಬಿಟ್ಲು ಅಕ್ಕ. ಒಂದೂವರೆಗೆ.”

ಕಂಬಕ್ಕೆ ಒರಗಿ ನಿಂತೆ. ನೆಲ ಒರೆಸುವವನು ಬಂದು ನನ್ನ ಪಾದಗಳ ಸುತ್ತ ಒರೆಸಿಕೊಂಡು ಹೋದ. ಅಳು ಬರುತ್ತದೆಂದು ಕಾದೆ, ಬರಲಿಲ್ಲ. ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಚಿಕ್ಕ ಮಗುವಿನ ಹಾಗೆ ಅತ್ತರು. “ಅಮ್ಮಂಗೆ ಅಲ್ಲಿ ಮುಟ್ಟೋವರೆಗೂ ಹೇಳ್ಬೇಡ. ಅವಳು ತಡ್ಕೊಳ್ಳಲ್ಲ. ನೀನಿರೋದಕ್ಕೆ ಆಯ್ತು ಕಣೇ,” ಅಂದರು. ನನಗೂ ಅದೇ ಸರಿ ಅನ್ನಿಸಿತ್ತು.

ರೂಮಿಗೆ ಬಂದು, “ಸಿಕ್ತು,” ಅಂದೆ.

ಅತ್ತೆ ಎದ್ದು ಬಂದು ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದಳು. “ನನ್ನ ತಾಯೀ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನನ್ನ ಏನೇನೋ ಅಂದ್ಬಿಟ್ಟೆ,” ಅಂದಳು. ಇಪ್ಪತ್ತು ವರ್ಷದಲ್ಲಿ ಇದೇ ಮೊದಲು. ಕೈ ತೆಗೆಯುವವರೆಗೂ ನಾನು ಅಲುಗದೆ ನಿಂತಿದ್ದೆ. ಹಿತವಾಗಿತ್ತು ಎಂದು ಬರೆಯಲು ನಾಚಿಕೆ, ಆದರೆ ಹಿತವಾಗಿತ್ತು.

ಆಮೇಲೆ ಅವಳು ಮಗಳಿಗೆಂದು ತಂದ ಸ್ವೆಟರನ್ನು ಬಿಚ್ಚಿ ಮಡಚಿ, ಬಿಚ್ಚಿ ಮಡಚಿ ಕೂತಳು.

ಸೆಪ್ಟೆಂಬರ್ 15, ಭಾನುವಾರ. ರೈಲಿನಲ್ಲಿ

ನನ್ನದು ಆರನೇ ಬೋಗಿ, ಅವಳದು ಒಂಬತ್ತನೆಯದು. ಕೂರಿಸಿ, ಕೈಸನ್ನೆಯಲ್ಲಿ ಪಕ್ಕದವರಿಗೆ ಹೇಳಿ ಬಂದೆ. ಲಿಫ್ಟಿಗೆ ಹೆದರುವ ಮುದುಕಿ ಓಡುವ ರೈಲಿನಲ್ಲಿ ಮೂರು ಬೋಗಿ ದಾಟಿಕೊಂಡು, ಸೀಟು ಸೀಟು ಹಿಡಿದುಕೊಂಡು ಬಂದಳು. ಅದೂ ನಾಲ್ಕು ಸಲ.

ಮೊದಲ ಸಲ, “ಫೋನ್ ಮಾಡಿದ್ಯಾ? ಹೊರಟಿದ್ದೀವಿ ಅಂತ ಹೇಳಿದ್ಯಾ?”

“ಹೇಳಿದೆ.”

“ಏನಂದ್ಲು?”

“ಮಲಗಿದ್ದಾಳಂತೆ.”

“ಮಲಗ್ಲಿ, ಮಲಗ್ಲಿ. ಎಬ್ಬಿಸ್ಬೇಡ ಅನ್ನು.”

ಎರಡನೇ ಸಲ ಬಂದು ಡಾಕ್ಟರು ಏನು ತಿನ್ನಲು ಕೊಡುತ್ತಾರೆ, ಗಂಜಿ ಮಾಡಲು ಅಲ್ಲಿ ಒಲೆ ಇದೆಯೋ ಎಂದು ಕೇಳಿದಳು. ಇದೆ ಅಂದೆ. ಮೂರನೇ ಸಲ ಬಂದು, ವಾಸಿಯಾದ ಮೇಲೆ ಅವಳನ್ನು ಊರಿಗೇ ಕರೆದುಕೊಂಡು ಹೋಗಿಬಿಡೋಣ, ನಿನ್ನ ಅಂಗಡಿಯಲ್ಲೇ ಅವಳಿಗೂ ಒಂದು ಟೇಬಲ್ ಹಾಕಿಸೋಣ ಅಂದಳು. ನಾಲ್ಕನೇ ಸಲ ಬಂದಾಗ ಏನೂ ಕೇಳಲಿಲ್ಲ. ನನ್ನ ಸೀಟಿನ ಪಕ್ಕ ನಿಂತು ನನ್ನ ತಲೆ ಸವರಿದಳು. ನನಗೆ ಮೈ ಉರಿಯಿತು.

“ಪದೇ ಪದೇ ಬರ್ಬೇಡ. ಬಿದ್ದು ಸೊಂಟ ಮುರ್ಕೊಂಡ್ರೆ ನಿನ್ನನ್ನೂ ಆಸ್ಪತ್ರೆಗೆ ಹಾಕಿ ನಾನೊಬ್ಬಳೇ ಸಾಯ್ಬೇಕು. ನಿನ್ನ ಜಾಗಕ್ಕೆ ಹೋಗು,” ಅಂದೆ.

“ಹೋಗ್ತೀನಿ ತಾಯಿ, ಕೋಪ ಮಾಡ್ಕೋಬೇಡ,” ಎಂದು ಹೋದಳು. ಮತ್ತೆ ಬರಲಿಲ್ಲ.

ಸೆಪ್ಟೆಂಬರ್ 16, ಸೋಮವಾರ

ಗೆಳತಿ ಪ್ಲಾಟ್‌ಫಾರಂನಲ್ಲೇ ಇದ್ದಳು. ಅವಳ ಮುಖ ನೋಡಿದರೆ ಸಾಕಿತ್ತು, ಮುದುಕಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಕೂಗಲಿಲ್ಲ. ಇದ್ದಲ್ಲೇ ಕುಸಿದು, ಸ್ವೆಟರಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಹಸು ಅಂಬಾ ಅನ್ನುವ ಹಾಗೆ ಒಂದೇ ಒಂದು ಸದ್ದು ಮಾಡಿದಳು.

ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ಕರೆದೊಯ್ದು ಮುಖ ತೋರಿಸಿದರು. ನಾದಿನಿ ಸಣ್ಣಗಾಗಿದ್ದಳು. ನಾನು ಪ್ರಯತ್ನಪಟ್ಟು ಕಣ್ಣೀರು ತಂದುಕೊಂಡೆ.

ಮಧ್ಯಾಹ್ನ ಅವಳ ರೂಮಿನಲ್ಲಿ ಕೂತಿದ್ದಾಗ ಗೆಳತಿ ಒಂದೊಂದೇ ಹೇಳಿದಳು. “ಅಜ್ಜಿ, ಗುರುವಾರ ಇಡೀ ದಿನ ಚೆನ್ನಾಗಿದ್ಲು. ಜ್ವರ ಇಳಿದಿತ್ತು, ತಲೆ ಬಾಚಿಸ್ಕೊಂಡ್ಲು. ಒಂಬತ್ತರ ರೈಲಿಗೆ ಬಂದೇ ಬರ್ತಾರೆ ಅಂತ ಬೆಳಿಗ್ಗೆಯಿಂದ ಬಾಗಿಲ ಕಡೆಗೇ ನೋಡ್ತಾ ಇದ್ಲು. ಅಕ್ಕಂಗೆ ಎರಡು ಸಲ ಫೋನೂ ಮಾಡಿದ್ಲು. ಸಂಜೆ ಆದ್ಮೇಲೆ ಚಳಿ ಹಿಡೀತು.”

ಬುಧವಾರ ಹೊರಟಿದ್ದರೆ ಗುರುವಾರ ಬೆಳಿಗ್ಗೆ ಒಂಬತ್ತು. ಇಂಥ ಲೆಕ್ಕವನ್ನೆಲ್ಲ ಹಾಕಬಾರದು. ಹಣೆಬರಹಕ್ಕೆ ಹೊಣೆ ಯಾರು?

ಗೆಳತಿ ಮೂಗು ಒರೆಸಿಕೊಂಡು ಮತ್ತೆ ಅಂದಳು, “ನಮ್ಮ ಇಸ್ತ್ರಿ ಸೆಕ್ಷನ್ನಿನ ಅಜ್ಜ ಹೆಂಡತಿ ಜೊತೆ ಬುಧವಾರದ ರೈಲಿಗೇ ಬಂದ. ಹಿಂದಿನ ದಿನ ಎರಡು ಗಂಟೆಗೆ ಟಿಕೆಟ್ ಸಿಕ್ತು ಅಂದ. ಅವರೂ ಹೊರದೇಶದವರೇ, ಒಂಬತ್ತನೇ ಕೌಂಟರ್. ಮುಂದೆ ನಿಂತಿದ್ದ ಒಬ್ಬ ಹೆಂಗಸು ಬೇಡ ಅಂದ್ಲಂತೆ.” ಅಂದವಳು ನನ್ನ ಕಡೆ ನೋಡಿದಳು. ನೋಡಿದಳೋ, ಸುಮ್ಮನೆ ಕಣ್ಣು ಆ ಕಡೆ ಬಂತೋ ಗೊತ್ತಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಮುದುಕಿ ತಲೆಯೆತ್ತಿದಳು. “ಅವಳ್ಯಾರೋ ಪಾಪಿ, ಬೇಡ ಅನ್ನೋಕೆ ಬಾಯಾದ್ರೂ ಹೇಗೆ ಬಂತು! ಅದೇ ಟಿಕೆಟ್ಟು ನನ್ನ ಸೊಸೆಗೆ ಸಿಕ್ಕಿದ್ರೆ ನನ್ನ ಮಗಳ ಮಾತು ಕೇಳ್ತಿದ್ದೆ. ದಿನಾ ಹನ್ನೊಂದಕ್ಕೆ ಹೋಗಿ ನಿಲ್ತಿದ್ಲು ಇವಳು, ಹೊಟ್ಟೆಗೆ ನೀರಿಲ್ಲದೆ. ಆ ಗಾಜಿನ ಹಿಂದಿನ ಹೆಂಗಸು ಇವಳಿಗೊಬ್ಬಳಿಗೆ ಇಲ್ಲ ಅಂತಿದ್ಲು. ಅವಳ ವಂಶ ನಿರ್ವಂಶ ಆಗ್ಲಿ.” ನನ್ನ ಕೈ ಹುಡುಕಿ ಹಿಡಿದುಕೊಂಡಳು. “ಹೆತ್ತ ಮಗಳು ಹೋದ್ಲು. ಇನ್ನು ನನಗೆ ಇರೋಳು ನೀನೊಬ್ಬಳೇ ಮಗಳು.”

ಗೆಳತಿ ಎದ್ದು ಹೋಗಿ ನೀರು ತಂದು ಅವಳಿಗೆ ಕೊಟ್ಟಳು, ನನಗೆ ಕೊಡಲಿಲ್ಲ. ಮರೆತಿರಬೇಕು.

ಸೆಪ್ಟೆಂಬರ್ 19, ಗುರುವಾರ

ಎಲ್ಲ ಮುಗಿಯಿತು. ಕಾರ್ಖಾನೆಯವರು ಕಾಗದಗಳಿಗೆ ಸಹಿ ಹಾಕಿಸಿಕೊಂಡರು. ಹನ್ನೆರಡು ಫಾರಂ, ಒಂದರಲ್ಲೂ ತಪ್ಪಿಲ್ಲದೆ ತುಂಬಿದೆ. ಅಲ್ಲಿನ ಗುಮಾಸ್ತ ನನ್ನ ಕೈಬರಹ ಮೆಚ್ಚಿಕೊಂಡ.

ವಾಪಸಿನ ಟಿಕೆಟ್ ಹತ್ತು ನಿಮಿಷದಲ್ಲಿ ಆಯಿತು. ಈ ಕಡೆಯಿಂದ ಹೋಗುವವರೇ ಇಲ್ಲ, ರೈಲು ಖಾಲಿ ಹೋಗುತ್ತದಂತೆ. ನಾಳೆಗೆ ಮಲಗುವ ಸೀಟು ಎರಡು. ಕೆಳಗಿನದು ನನಗೆ ಹಾಕಿಸಿಕೊಂಡೆ. ಮೂರು ದಿನದಿಂದ ನನಗೂ ಬೆನ್ನು ನೋವು.

ಮುದುಕಿಯನ್ನು ರೂಮಿನಲ್ಲಿ ಒಬ್ಬಳನ್ನೇ ಬಿಡುವುದು ಬೇಡವೆಂದು ಜೊತೆಗೇ ಕರೆದುಕೊಂಡು ಹೋಗಿದ್ದೆ. ಈಗ ಎಲ್ಲದಕ್ಕೂ ನನ್ನನ್ನು ಕೇಳುತ್ತಾಳೆ. ನೀರು ಕುಡಿಯಲಾ, ಸ್ವೆಟರು ಹಾಕಿಕೊಳ್ಳಲಾ. ಕೌಂಟರಿನ ಪಕ್ಕ ಒಂದು ಖಾಲಿ ಬೆಂಚಿತ್ತು.

“ತಾಯೀ, ಅಲ್ಲಿ ಕೂತ್ಕೊಳ್ಲಾ?”

ಬೋಗಿ, ಸೀಟು, ತಾರೀಖು ತಾಳೆ ನೋಡುವಾಗ ನಡುವೆ ಮಾತಾಡಿಸಿದರೆ ನನಗೆ ತಪ್ಪುತ್ತದೆ. “ಹೇಳೋವರೆಗೂ ಅಲ್ಲೇ ನಿಂತಿರು,” ಅಂದೆ.

ಆಮೇಲೆ ನಮ್ಮ ಮನೆಯವರ ಫೋನ್ ಬಂತು. ಮಾತಾಡುತ್ತಾ ಹೊರಗೆ ಹೋದೆ. ಎದುರಿನ ಅಂಗಡಿಯಲ್ಲಿ ಚಹಾ ಚೆನ್ನಾಗಿತ್ತು, ಇನ್ನೊಂದು ಕುಡಿದೆ. ಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ನೆನಪಾಗಿ ಮರಳಿದಾಗ ಮುಕ್ಕಾಲು ತಾಸಾಗಿತ್ತು.

ಬಿಟ್ಟ ಜಾಗದಲ್ಲೇ ನಿಂತಿದ್ದಳು. ಎರಡು ಕೈಯಲ್ಲೂ ಚೀಲ. ನೆಲಕ್ಕೂ ಇಳಿಸಿರಲಿಲ್ಲ. ಪಕ್ಕದ ಬೆಂಚು ಖಾಲಿಯೇ ಇತ್ತು. ನನ್ನನ್ನು ಕಂಡು ಮುಖ ಅರಳಿಸಿ, “ಈಗ ಕೂತ್ಕೊಳ್ಲಾ?” ಅಂದಳು.

“ಇನ್ನೇನು ಕೂರೋದು, ನಡಿ,” ಅಂದೆ.

ಹಿಂದೆಯೇ ಬಂದಳು.